ತಪ್ಪನ್ನು ತೋರಿಸುವುದೂ ಒಂದು ಪಾಠ

ವಿಮಾನ ಚಾಲಕರಾಗಬೇಕೆಂಬ ಆಸೆ ಈಗ ಮಹಾನಗರಗಳ ಮಕ್ಕಳಿಗಷ್ಟೇ ಮೀಸಲಾಗಿ ಉಳಿದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಪಿಯುಸಿ ವಿಜ್ಞಾನ ಓದುವ ಮಕ್ಕಳ ಬಾಯಲ್ಲೂ ಆ ಮಾತು ಕೇಳಿಬರುತ್ತದೆ. ಖರ್ಚು ಎಷ್ಟಾದೀತು ಎಂಬುದು ಪಾಲಕರ ಚಿಂತೆ. ಗಣಿತ, ಭೌತಶಾಸ್ತ್ರ ಎಷ್ಟು ಗಟ್ಟಿಯಿರಬೇಕು ಎಂಬುದು ಮಕ್ಕಳ ಚಿಂತೆ. ಎರಡೂ ಸಹಜವೇ. ಆದರೆ ಈ ವಿದ್ಯೆಯಲ್ಲಿ ಯಾರೂ ವಿಚಾರಿಸದ ಇನ್ನೊಂದು ಪಾಠವಿದೆ. ಅದು ಮನುಷ್ಯ ಏಕೆ ತಪ್ಪುತ್ತಾನೆ ಎಂಬ ಪಾಠ.

ವಾಣಿಜ್ಯ ಚಾಲಕ ಪರವಾನಗಿಗೆ 18 ವರ್ಷ ತುಂಬಿರಬೇಕು, 200 ಗಂಟೆಗಳ ಹಾರಾಟ ಮುಗಿಸಿರಬೇಕು. ಡಿಜಿಸಿಎ ನಡೆಸುವ ಲಿಖಿತ ಪರೀಕ್ಷೆಗಳಲ್ಲಿ ನೂರಕ್ಕೆ 70 ಅಂಕ ಬಂದರೇ ಪಾಸು. ಪಥನಿರ್ಣಯ, ಹವಾಮಾನ, ವಾಯುಯಾನ ನಿಯಮಗಳು, ವಿಮಾನದ ತಾಂತ್ರಿಕ ಜ್ಞಾನ ಇವುಗಳ ಜೊತೆಗೆ ಮನುಷ್ಯನ ಸಾಮರ್ಥ್ಯ ಮತ್ತು ಮಿತಿಗಳನ್ನೂ ಓದಬೇಕು.

ಇದರ ಮೊದಲ ಭಾಗ ಜೀವಶಾಸ್ತ್ರ ಓದಿದವರಿಗೆ ಹೊಸದಲ್ಲ. 35,000 ಅಡಿ ಎತ್ತರದಲ್ಲಿ ವಿಮಾನದೊಳಗಿನ ಗಾಳಿಯ ಒತ್ತಡ ಇಳಿದುಹೋದರೆ, ಆಮ್ಲಜನಕದ ಮುಖವಾಡ ಹಾಕಿಕೊಳ್ಳಲು ಚಾಲಕನಿಗೆ ಸಿಗುವ ಸಮಯ ಅರ್ಧ ನಿಮಿಷದಿಂದ ಒಂದು ನಿಮಿಷ. ಅಷ್ಟರಲ್ಲಿ ಬುದ್ಧಿ ಮಂಕಾಗುತ್ತದೆ, ಆದರೆ ಅದು ಮಂಕಾದದ್ದು ಆತನಿಗೇ ತಿಳಿಯುವುದಿಲ್ಲ. ಒಳಕಿವಿಯ ಮೂರು ಅರ್ಧವೃತ್ತ ನಾಳಗಳು ನೆಲದ ಮೇಲೆ ಸಮತೋಲ ಕಾಯುತ್ತವೆ. ಮೋಡದೊಳಗೆ ಅವೇ ಸುಳ್ಳು ಹೇಳುತ್ತವೆ. ವಿಮಾನ ವಾಲಿದ್ದರೂ ನೆಟ್ಟಗಿದೆ ಎನಿಸುತ್ತದೆ. ಆದ್ದರಿಂದ ದೇಹ ಹೇಳುವುದನ್ನು ಬಿಟ್ಟು ಉಪಕರಣ ತೋರಿಸುವುದನ್ನು ನಂಬು ಎಂಬುದು ಮೊದಲ ನಿಯಮ.

ಎರಡನೆಯ ಭಾಗ ತಪ್ಪುಗಳದ್ದು. ಜಾಣರು ತಪ್ಪುವುದಿಲ್ಲ, ದಡ್ಡರಷ್ಟೇ ತಪ್ಪುತ್ತಾರೆ ಎಂಬ ನಂಬಿಕೆಯನ್ನು ಈ ಶಾಸ್ತ್ರ ಒಪ್ಪುವುದಿಲ್ಲ. 1935ರ ಅಕ್ಟೋಬರ್ 30ರಂದು ಅಮೆರಿಕದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್ ಕಂಪನಿಯ ಹೊಸ ವಿಮಾನವೊಂದು ಮೇಲೇರಿದ ಕೆಲವೇ ಕ್ಷಣಗಳಲ್ಲಿ ಬಿತ್ತು. ನಡೆಸುತ್ತಿದ್ದವರು ನುರಿತ ಚಾಲಕರೇ. ಗಾಳಿಗೆ ರೆಕ್ಕೆ-ಬಾಲದ ಭಾಗಗಳು ಅಲುಗದಂತೆ ಹಾಕಿದ್ದ ಬೀಗವನ್ನು ಬಿಡಿಸಲು ಮರೆತಿದ್ದರು. ಇನ್ನೂ ಜಾಣ ಚಾಲಕರನ್ನು ಹುಡುಕುವುದರ ಬದಲು ಒಂದು ಪಟ್ಟಿ ಬರೆದಿಟ್ಟುಕೊಂಡು ಪ್ರತಿ ಸಲವೂ ಓದಿ ನೋಡುವ ಪದ್ಧತಿ ಆಗ ಬೆಳೆಯಿತು. ನೆನಪಿನ ಶಕ್ತಿಯನ್ನೇ ಜಾಣತನವೆಂದು ಹೊಗಳುವವರು ಯೋಚಿಸಬೇಕಾದ ಸಂಗತಿ ಇದು.

ತಪ್ಪಿನ ನಿರ್ವಹಣೆಗೆ ಮೂರು ಹಂತಗಳು. ತಪ್ಪು ಆಗದಂತೆ ಮೊದಲೇ ಎಚ್ಚರ ವಹಿಸುವುದು; ಆದರೆ ಬೇಗ ಗುರುತಿಸುವುದು; ಗುರುತಿಸಿದ ಮೇಲೆ ಹಾನಿಯಾಗುವ ಮುನ್ನ ಸರಿಪಡಿಸುವುದು. ಎರಡನೆಯ ಮತ್ತು ಮೂರನೆಯ ಹಂತ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ, ಕರ್ನಾಟಕದಲ್ಲೇ ಎರಡು ದುರಂತಗಳು ನಡೆದಿವೆ.

1990ರ ಫೆಬ್ರುವರಿ 14ರಂದು ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ವಿಮಾನ ಬೆಂಗಳೂರಿನಲ್ಲಿ ಇಳಿಯುವ ಮುನ್ನವೇ ಗಾಲ್ಫ್ ಮೈದಾನಕ್ಕೆ ಅಪ್ಪಳಿಸಿತು. ಅದರಲ್ಲಿದ್ದ 146 ಜನರಲ್ಲಿ 92 ಮಂದಿ ಸತ್ತರು. ಎಂಜಿನ್‌ಗಳು ಕನಿಷ್ಠ ಶಕ್ತಿಯಲ್ಲಿ ಓಡುತ್ತಿದ್ದವು. ವೇಗ, ಎತ್ತರ ಎರಡೂ ಕುಸಿಯುತ್ತಿದ್ದುದನ್ನು ಚಾಲಕರು ಸಕಾಲಕ್ಕೆ ಗ್ರಹಿಸಲಿಲ್ಲ.

2010ರ ಮೇ 22ರ ಬೆಳಗಿನ ಜಾವ ಮಂಗಳೂರಿನಲ್ಲಿ ನಡೆದದ್ದು ಬೇರೆ ಬಗೆಯದು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದವರು 8 ಮಂದಿ ಮಾತ್ರ. ಮುಖ್ಯ ಚಾಲಕರಿಗೆ ಹತ್ತು ಸಾವಿರ ಗಂಟೆಗಳಿಗೂ ಮೀರಿದ ಹಾರಾಟದ ಅನುಭವವಿತ್ತು. ದಾರಿಯಲ್ಲಿ ಅವರು ಬಹಳ ಹೊತ್ತು ನಿದ್ರಿಸಿದ್ದರು. ಎದ್ದ ಮೇಲೂ ಉಳಿಯುವ ನಿದ್ದೆಯ ಮಂಪರು ಅವರ ತೀರ್ಮಾನಶಕ್ತಿಯನ್ನು ಕುಗ್ಗಿಸಿರಬಹುದೆಂದು ತನಿಖಾ ವರದಿ ಹೇಳಿತು. ಇಳಿಯುವ ಎತ್ತರ ಹೆಚ್ಚಾಗಿದ್ದುದನ್ನು ಸಹಚಾಲಕರು ಗುರುತಿಸಿದ್ದರು. ಇಳಿಸದೆ ಮತ್ತೆ ಮೇಲೇರೋಣ ಎಂದು ಮೂರು ಸಲ ಹೇಳಿದರು. ಎಚ್ಚರಿಕೆಯ ಯಂತ್ರವೂ ಕೂಗಿಕೊಂಡಿತು. ಆದರೂ ವಿಮಾನ ಇಳಿಯುತ್ತಲೇ ಹೋಯಿತು.

ಬೆಂಗಳೂರಿನಲ್ಲಿ ತಪ್ಪು ಕಣ್ಣಿಗೆ ಬೀಳಲಿಲ್ಲ. ಮಂಗಳೂರಿನಲ್ಲಿ ಕಣ್ಣಿಗೆ ಬಿದ್ದ ತಪ್ಪು ತಿದ್ದಲ್ಪಡಲಿಲ್ಲ. ಕಿರಿಯರು ಖಚಿತವಾಗಿ ಹೇಳಬೇಕು, ಹಿರಿಯರು ಅದನ್ನು ಕೇಳಿಸಿಕೊಳ್ಳಬೇಕು ಎಂಬ ತರಬೇತಿಯನ್ನು ಇಂದು ಪ್ರಪಂಚದ ಎಲ್ಲ ಚಾಲಕರಿಗೂ ಕೊಡುವುದು ಇದಕ್ಕಾಗಿಯೇ.

ಇನ್ನು ಸಿಂದಗಿಯ ಹುಡುಗಿಯೊಬ್ಬಳು ಈ ಪುಸ್ತಕ ಬಿಡಿಸಿ ಕುಳಿತಳೆನ್ನಿ. ವ್ಯಾಖ್ಯೆಗಳನ್ನು ಅವಳು ಎರಡೇ ದಿನದಲ್ಲಿ ಬಾಯಿಪಾಠ ಮಾಡಿಯಾಳು. ಆದರೆ ಹಲಗೆಯ ಮೇಲೆ ಗುರುಗಳು ಒಂದು ಚಿಹ್ನೆ ಬಿಟ್ಟಾಗ ಎದ್ದು ನಿಂತು, ‘ಸರ್, ಅಲ್ಲಿ ಮೈನಸ್ ಬಿಟ್ಟೈತ್ರಿ’ ಎಂದು ಅವಳು ಎಂದಾದರೂ ಹೇಳಿದ್ದಾಳೆಯೇ? ತೊಗರಿಗೆ ಕೀಟನಾಶಕ ಹೊಡೆಯುವ ದಿನ, ‘ಅಪ್ಪಾ, ಈ ಪಂಪಿಗೆ ಎಣ್ಣಿ ಆಗಲೇ ಹಾಕೀರಿ’ ಎಂದರೆ, ‘ನನಗೇ ಕಲಿಸ್ತೀಯೇನು?’ ಎಂಬ ಗದರಿಕೆ ಬರುತ್ತದೆಯೋ, ‘ಹೌದಲ್ಲ, ಛಲೋ ಹೇಳಿದಿ’ ಎಂಬ ಮಾತು ಬರುತ್ತದೆಯೋ? ಹದಿನೆಂಟು ವರ್ಷ ಸುಮ್ಮನಿರುವುದನ್ನೇ ಕಲಿತ ನಾಲಿಗೆ ಕಾಕ್‌ಪಿಟ್‌ನಲ್ಲಿ ಒಮ್ಮೆಲೇ ಮಾತನಾಡಲಾರದು.

ವಿನಯ ಬೇಡವೆಂದಲ್ಲ. ಹಿರಿಯರ ತಪ್ಪನ್ನು ಮರ್ಯಾದೆಯಿಂದಲೇ, ಆದರೆ ಸ್ಪಷ್ಟವಾಗಿ ಹೇಳುವುದು ವಿನಯಕ್ಕೆ ವಿರೋಧವಲ್ಲ. ಬಾಲಕನಾಗಿದ್ದಾಗಲೇ ಹಿರಿಯರನ್ನು ಪ್ರಶ್ನಿಸಿದ ಬಸವಣ್ಣನವರ ಕಥೆಯನ್ನು ಬಾಗೇವಾಡಿಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಕಥೆ ಹೇಳುವ ಹಿರಿಯರು ತಮ್ಮ ಮನೆಯ ಮಕ್ಕಳ ಪ್ರಶ್ನೆಗೂ ಕಿವಿಗೊಟ್ಟರೆ ಸಾಕು.

ಈ ವಿಷಯಕ್ಕೆ ಓದುವ ವಿದ್ಯಾರ್ಥಿಗಳು ಒಂದು ನೋಟ್‌ಬುಕ್ ಇಟ್ಟುಕೊಳ್ಳುವುದು ಒಳ್ಳೆಯದು. ಪ್ರತಿ ಅಭ್ಯಾಸ ಪರೀಕ್ಷೆಯ ನಂತರ ಅಂಕಗಳನ್ನಲ್ಲ, ತಪ್ಪುಗಳನ್ನು ಬರೆಯಬೇಕು. ತಿಳಿದಿದ್ದೂ ಕೈತಪ್ಪಿದ್ದು ಯಾವುದು, ತಿಳಿವಳಿಕೆಯೇ ತಪ್ಪಾದದ್ದು ಯಾವುದು, ನಿದ್ದೆಗೆಟ್ಟ ದಿನ ಆದದ್ದು ಯಾವುದು ಎಂದು ವಿಂಗಡಿಸಬೇಕು. ಮೊದಲನೆಯದಕ್ಕೆ ಮರುಪರಿಶೀಲನೆಯೇ ಮದ್ದು, ಎರಡನೆಯದಕ್ಕೆ ಓದು, ಮೂರನೆಯದಕ್ಕೆ ನಿದ್ದೆ. ಪಾಲಕರು ಆ ನೋಟ್‌ಬುಕ್ಕನ್ನು ತೆರೆದು ನೋಡುವುದಾದರೆ ಬೈಯುವ ಉದ್ದೇಶದಿಂದ ನೋಡಬಾರದು. ಬೈಗುಳಕ್ಕೆ ಹೆದರಿದ ಮಗು ಮರುದಿನದಿಂದ ಅದರಲ್ಲಿ ಬರೆಯುವುದನ್ನೇ ನಿಲ್ಲಿಸುತ್ತದೆ, ತಪ್ಪು ಮಾಡುವುದನ್ನಲ್ಲ.