ಚಿತ್ರಕ್ಕೊಂದು ಕಥೆ

ಚಿತ್ರ ಮೊದಲೋ ಕಥೆ ಮೊದಲೋ ಎಂಬ ಪ್ರಶ್ನೆ, ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಪ್ರಶ್ನೆಯಷ್ಟೇ ಹಳೆಯದಿರಬೇಕು. ಅಕ್ಷರ ಬಾರದ ಮಗು ಗೋಡೆಯ ಮೇಲೆ ಇದ್ದಿಲಿನಿಂದ ಗೀಚಿ, "ಇದು ಹುಲಿ, ಇದು ಅಜ್ಜ, ಅಜ್ಜ ಓಡಿಹೋದ" ಎನ್ನುತ್ತದೆ. ಆ ಗೀಚಿನಲ್ಲಿ ನೋಡಿದರೆ ಹುಲಿಯೂ ಇಲ್ಲ, ಅಜ್ಜನೂ ಇಲ್ಲ. ಮಾತು ಬಂದು ಸೇರಿದ ಕೂಡಲೆ ಇಬ್ಬರೂ ಎದ್ದು ನಿಲ್ಲುತ್ತಾರೆ. ಹಾಗೆಂದು ಗೀಚನ್ನು ಅಳಿಸಿ ಮಾತನ್ನು ಮಾತ್ರ ಉಳಿಸಿಕೊಂಡರೆ, ಅದರ ಸೊಗಸು ಅರ್ಧಕ್ಕರ್ಧ ಹೋಗುತ್ತದೆ. ಎರಡು ಅರೆಗಳು ಕೂಡಿ ಒಂದು ಪೂರ್ಣವಾಗುವ ಈ ಚಮತ್ಕಾರದ ವಿಚಾರವಾಗಿ ನಾಲ್ಕು ಮಾತು ಬರೆಯಬೇಕೆಂದು ನನಗೆ ಅನಿಸಿದ್ದು, ಅಂತರ್ಜಾಲದಲ್ಲಿ ನಡೆದ ಒಂದು ಸ್ಪರ್ಧೆಯಲ್ಲಿ ನಾನೂ ನನ್ನ ಗೆಳೆಯನೂ ಭಾಗವಹಿಸಿದ ಮೇಲೆ.

ಇಂತಹ ಸ್ಪರ್ಧೆ ಕನ್ನಡಿಗರಿಗೆ ಹೊಸದೇನೂ ಅಲ್ಲ. 1948ರಲ್ಲಿ ಕನ್ನಡದಲ್ಲಿ ಹೊರಡಲಾರಂಭಿಸಿದ 'ಚಂದಮಾಮ' ಪತ್ರಿಕೆಯನ್ನು ನಮ್ಮ ಮನೆಯ ಹಿರಿಯರು ಇಂದಿಗೂ ನೆನೆಯುತ್ತಾರೆ. ಮದರಾಸಿನಲ್ಲಿ ಅಚ್ಚಾಗಿ ನಮ್ಮ ಹಳ್ಳಿಗಳವರೆಗೂ ಬರುತ್ತಿದ್ದ ಆ ಪತ್ರಿಕೆಯಲ್ಲಿ ಎರಡು ಛಾಯಾಚಿತ್ರಗಳನ್ನು ಕೊಟ್ಟು, ಒಂದಕ್ಕೊಂದು ಹೊಂದುವಂತಹ ಎರಡು ಪುಟ್ಟ ಮಾತುಗಳನ್ನು ಓದುಗರಿಂದ ಬರೆಯಿಸಿಕೊಂಡು ಬಹುಮಾನ ಕೊಡುತ್ತಿದ್ದರು. ಈಗ ಆ ಪತ್ರಿಕೆ ನಿಂತುಹೋಗಿದೆ. ಆದರೆ ಚಿತ್ರವನ್ನು ಕಂಡೊಡನೆ ಅದಕ್ಕೊಂದು ಮಾತು ಜೋಡಿಸಬೇಕೆಂಬ ತುರಿಕೆ ಮನುಷ್ಯನ ಕೈಗೆ ಇನ್ನೂ ಇದೆ. ಅಂಚೆಯ ಕಾರ್ಡಿನ ಸ್ಥಾನಕ್ಕೆ ಮೊಬೈಲು ಬಂದಿದೆ, ಅಷ್ಟೆ.

ನಾವು ಸೇರಿದ ಸ್ಪರ್ಧೆಯ ನಿಯಮ ಸರಳವಾಗಿತ್ತು. ಇಬ್ಬರು ಜೊತೆಯಾಗಬೇಕು, ಒಬ್ಬ ಚಿತ್ರ ಬರೆಯಬೇಕು, ಇನ್ನೊಬ್ಬ ಕಥೆ ಬರೆಯಬೇಕು, ಕಥೆ 300 ಪದಗಳನ್ನು ಮೀರಕೂಡದು. 300 ಪದವೆಂದರೆ ನಮ್ಮಂತಹವರಿಗೆ ಪೀಠಿಕೆಗೇ ಸಾಲದು. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿಯವರಿಗಾದರೆ ಅಷ್ಟರಲ್ಲಿ ತಿಂಮನನ್ನು ಹತ್ತು ಸಲ ಕರೆತಂದು ನಮ್ಮನ್ನು ಹತ್ತು ಸಲ ನಗಿಸಲು ಸಾಧ್ಯವಿತ್ತು. ಅದೇ ನೆಲದ ಇನ್ನೊಬ್ಬರು, ಕೊಟ್ಟೂರಿನ ಕುಂ. ವೀರಭದ್ರಪ್ಪನವರು, 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ತಮ್ಮ 'ಅರಮನೆ'ಗೆ ನೂರಾರು ಪುಟಗಳ ಅಂಗಳ ಬೇಕೆಂದರು. ಚಿಕ್ಕದು ದೊಡ್ಡದು ಎಂಬುದು ಹೇಳುವ ವಸ್ತುವಿನ ಗುಣವನ್ನು ಅವಲಂಬಿಸಿದೆ. ಹಾಗಾದರೆ ನಮ್ಮ ವಸ್ತು ಯಾವುದು?

ಗೆಳೆಯನದು ಒಂದೇ ಹಟ. "ನಮ್ಮ ಸೀಮೆಯಾಗ ಇರೋದನ್ನೇ ತೆಗೀತೀನಿ" ಎಂದ. ನಾವಿಬ್ಬರೂ ಕುಳಿತು ಪಟ್ಟಿ ಮಾಡಿದೆವು. 2021ರಲ್ಲಿ ಹೊಸದಾಗಿ ರೂಪುಗೊಂಡ ನಮ್ಮ ವಿಜಯನಗರ ಜಿಲ್ಲೆಯಲ್ಲಿ ಚಿತ್ರಕ್ಕೆ ಬಡತನವಿಲ್ಲ. ಹಡಗಲಿ ತಾಲ್ಲೂಕಿನ ಕುರುವತ್ತಿಗೆ ಹೋದರೆ ಮಲ್ಲಿಕಾರ್ಜುನ ದೇವಾಲಯದ ಬಾಗಿಲಲ್ಲಿ ಚಾಲುಕ್ಯರ ಕಾಲದ ಮದನಿಕೆಯರು ಇಂದಿಗೂ ಬಾಗಿ ಬಳುಕಿ ನಿಂತಿದ್ದಾರೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಲ್ಲಿ ಕಲ್ಲೇಶ್ವರನ ಕಂಬಗಳಿವೆ. ಕೂಡ್ಲಿಗಿ ತಾಲ್ಲೂಕಿನಲ್ಲಿ ಗುಡೇಕೋಟೆಯ ಬಂಡೆಗಳಿವೆ. ಕೊಟ್ಟೂರಿನಲ್ಲಿ ಗುರುಬಸವೇಶ್ವರನ ತೇರಿದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯಲ್ಲಿ ಮುಳುಗಿದ ಜಾಲಿಮರಗಳ ಮೇಲೆ ಸಾವಿರಾರು ಹಕ್ಕಿಗಳು ಸಂಸಾರ ಹೂಡುತ್ತವೆ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ಇವೆಲ್ಲವನ್ನೂ ಗೆಳೆಯ ಒಂದೊಂದಾಗಿ ಬದಿಗಿಟ್ಟ. "ಮದನಿಕೆಗೆ ನೀ ಏನು ಕಥಿ ಬರಿತೀಯೋ? ಆಕೀನೇ ಎಲ್ಲಾ ಹೇಳಿ ಮುಗಿಸ್ಯಾಳ" ಎಂಬುದು ಅವನ ವಾದ. ಆ ಮಾತಿನಲ್ಲಿ ತಥ್ಯವಿತ್ತು. ತಾನೇ ಪೂರ್ಣವಾದ ಚಿತ್ರದ ಪಕ್ಕದಲ್ಲಿ ಕಥೆಗೆ ಕುಳಿತುಕೊಳ್ಳಲು ಮಣೆಯಿಲ್ಲ.

ಕಡೆಗೆ ಅವನು ಆರಿಸಿದ್ದು ಕೂಡ್ಲಿಗಿಯ ಕಡೆಯ ಒಂದು ಹಳ್ಳಿಯ ಕೆರೆ ಏರಿಯ ಮೇಲಿನ ಒಂದು ವೀರಗಲ್ಲನ್ನು. ಅದರಲ್ಲಿ ಅಕ್ಷರವಿಲ್ಲ. ಮೊಣಕಾಲಿನವರೆಗೆ ಮಣ್ಣಿನಲ್ಲಿ ಹೂತು, ಎಣ್ಣೆ ಕುಡಿದು ಕಪ್ಪಾಗಿ, ದನಗಳು ಮೈ ತಿಕ್ಕಿಕೊಂಡು ಅಂಚುಗಳು ನುಣುಪಾಗಿವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಎಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವಿನ ಪಟ್ಟಿಕೆಯಲ್ಲಿ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು. ಮೇಲಿನ ಪಟ್ಟಿಕೆಯಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿರುವುದು. ತುದಿಯಲ್ಲಿ ಸೂರ್ಯಚಂದ್ರರು, ಅವರಿರುವ ತನಕ ಇವನ ಕೀರ್ತಿಯೂ ಇರಲೆಂದು. ನಮ್ಮ ಕಲ್ಲಿನ ಕೆಳಪಟ್ಟಿಕೆಯಲ್ಲಿ ಬಿಲ್ಲು ಹಿಡಿದವನೊಬ್ಬ, ಅವನ ಹಿಂದೆ ಮೂರು ಹಸುಗಳು. ತುರುಗಳನ್ನು ಕದ್ದೊಯ್ಯಲು ಬಂದವರೊಡನೆ ಕಾದಿ ಸತ್ತವನು ಎಂಬುದರಲ್ಲಿ ಸಂದೇಹವಿಲ್ಲ. ಮೂರರಲ್ಲಿ ಒಂದು ಹಸುವಿಗೆ ಒಂದು ಕೊಂಬು ಅರ್ಧವೇ ಇದೆ. ಕಲ್ಲು ಮುರಿದು ಹೋದದ್ದೋ, ಶಿಲ್ಪಿ ಹಾಗೆಯೇ ಕಡೆದದ್ದೋ, ನೋಡಿದವರು ಅವರವರಂತೆ ತೀರ್ಮಾನಿಸಬಹುದು.

ಆ ಕಲ್ಲಿಗೆ ಅಮಾವಾಸ್ಯೆಗೊಮ್ಮೆ ಎಣ್ಣೆ ಹಚ್ಚಿ ಕುಂಕುಮವಿಡುವ ಒಬ್ಬ ಮುದುಕಿಯಿದ್ದಾಳೆ. ನಾವು ಹೋಗಿ, "ಅಜ್ಜೀ, ಇವನು ಯಾರು? ಹೆಸರೇನು?" ಎಂದು ಕೇಳಿದೆವು. "ಹೆಸರು ಯಾರಿಗೆ ಗೊತ್ತೈತಪ್ಪಾ? ಅವ ನಮ್ಮ ವೀರಪ್ಪ. ನಮ್ಮತ್ತಿ ಎಣ್ಣಿ ಹಚ್ಚತಿದ್ಲು, ನಾನೂ ಹಚ್ಚತೀನಿ" ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಇಲ್ಲಿ ನನ್ನೆದುರು ಒಂದು ಧರ್ಮಸಂಕಟ ಬಂದು ನಿಂತಿತು. ಕಥೆ ಬರೆಯುವುದೆಂದರೆ ಕಲ್ಪಿಸುವುದು. ಕಲ್ಪಿತ ಮನುಷ್ಯನನ್ನು ಕೊಲ್ಲಲೂ ಬದುಕಿಸಲೂ ಲೇಖಕನಿಗೆ ಅಧಿಕಾರವುಂಟು. ಆದರೆ ಈ ಕಲ್ಲಿನವನು ನಿಜವಾಗಿ ಇದ್ದವನು, ನಿಜವಾಗಿ ಸತ್ತವನು, ಇಂದಿಗೂ ಅವನಿಗೆ ಎಣ್ಣೆ ಹಚ್ಚುವ ಕೈಯೊಂದಿದೆ. ಹೆಸರಿಲ್ಲದವನೆಂಬ ಒಂದೇ ಕಾರಣಕ್ಕೆ ನನ್ನ ಬಾಯಿಗೆ ಬಂದ ಹೆಸರನ್ನು ಅವನಿಗೆ ಅಂಟಿಸಬಹುದೇ? ಅವನನ್ನು ಪ್ರೇಮಿಯನ್ನಾಗಿಯೋ ದ್ರೋಹಿಯನ್ನಾಗಿಯೋ ಮಾಡಿ ಬಹುಮಾನಕ್ಕೆ ಕಳುಹಿಸಬಹುದೇ? ಗೆಳೆಯನಿಗೆ ಈ ತೊಡಕಿರಲಿಲ್ಲ. ಅವನು ಕಂಡದ್ದನ್ನು ಬರೆಯುತ್ತಾನೆ. ಕಾಣದ್ದನ್ನು ಬರೆಯಬೇಕಾದವನು ನಾನು.

ಈ ಯೋಚನೆಯಲ್ಲಿದ್ದಾಗ ನನಗೆ ದಾರಿ ತೋರಿದ್ದು ತರಗತಿಯಲ್ಲಿ ಓದಿದ ಆತಕೂರಿನ ಶಾಸನ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಚೋಳರನ್ನು ಸೋಲಿಸಿದರು. ಆ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ಭಟ ಬಹುಮಾನವಾಗಿ ಬೇಡಿದ್ದು ಕಾಳಿ ಎಂಬ ಒಂದು ಬೇಟೆನಾಯಿಯನ್ನು. ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಮಣಲೇರ ತನ್ನ ನಾಯಿಗೆ ಕಲ್ಲು ನಿಲ್ಲಿಸಿದ. ಕಲ್ಲಿನಲ್ಲಿ ನಾಯಿಯೂ ಹಂದಿಯೂ ಒಂದರ ಮೇಲೊಂದು ಬಿದ್ದು ಕಾದುವ ಚಿತ್ರವಿದೆ, ಸುತ್ತಲೂ ಅಕ್ಷರಗಳಿವೆ.

ಇದಕ್ಕಿಂತ ಒಳ್ಳೆಯ ಚಿತ್ರಕಥೆ ಯಾವುದು? ಚಿತ್ರವನ್ನು ಮಾತ್ರ ನೋಡಿದವನಿಗೆ ನಾಯಿಯ ಕೆಚ್ಚು ತಿಳಿಯುತ್ತದೆ; ಆದರೆ ಒಬ್ಬ ಮನುಷ್ಯ ಊರನ್ನು ಕೇಳದೆ, ಹೊನ್ನನ್ನು ಕೇಳದೆ, ಆ ನಾಯಿಯನ್ನೇ ಕೇಳಿದನೆಂಬುದು ತಿಳಿಯುವುದಿಲ್ಲ. ಅಕ್ಷರವನ್ನು ಮಾತ್ರ ಓದಿದವನಿಗೆ ಪ್ರೀತಿ ತಿಳಿಯುತ್ತದೆ. ಆದರೆ ಹಂದಿಯ ಮೈಯ ಭಾರ ತಿಳಿಯುವುದಿಲ್ಲ. ಕಡೆದವನೂ ಬರೆದವನೂ ತಮ್ಮ ತಮ್ಮ ಪಾಲನ್ನು ಹಂಚಿಕೊಂಡು, ಒಬ್ಬನ ಪಾಲಿಗೆ ಇನ್ನೊಬ್ಬ ಕೈಹಾಕಿಲ್ಲ.

ಇನ್ನೊಂದು ಪಾಠ ನಮ್ಮ ಹಡಗಲಿ ತಾಲ್ಲೂಕಿನಲ್ಲೇ ಉಂಟು. ಭರತ ಹುಣ್ಣಿಮೆಯ ಸಮಯದಲ್ಲಿ ಮೈಲಾರದ ಡೆಂಗನಮರಡಿಯಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಾರೆ. ಗೊರವಯ್ಯ ಎತ್ತರದ ಬಿಲ್ಲನ್ನೇರಿ "ಸದ್ದಲೇ" ಎಂದು ಕೂಗಿದರೆ ಆ ಜನಸಮುದ್ರ ಉಸಿರು ಬಿಗಿಹಿಡಿಯುತ್ತದೆ. ಅವನು ನುಡಿಯುವುದು ಒಂದೇ ಒಂದು ಮಾತು. ನುಡಿದು ಕೆಳಗೆ ಬೀಳುತ್ತಾನೆ. ಅಲ್ಲಿಂದ ಮುಂದೆ ವರ್ಷವೆಲ್ಲ ಜನರ ಕೆಲಸ. ರೈತ ಅದರಲ್ಲಿ ಮಳೆಯನ್ನು ಕಾಣುತ್ತಾನೆ, ವರ್ತಕ ಧಾರಣೆಯನ್ನು ಕಾಣುತ್ತಾನೆ, ರಾಜಕಾರಣಿ ಕುರ್ಚಿಯನ್ನು ಕಾಣುತ್ತಾನೆ. ಕಾರಣಿಕ ಉದ್ದವಾಗಿದ್ದರೆ ಅರ್ಥ ಹೇಳುವ ಸಂತೋಷ ಯಾರಿಗೂ ಉಳಿಯುತ್ತಿರಲಿಲ್ಲ. ಅತಿ ಚಿಕ್ಕ ಕಥೆಯ ಗುಟ್ಟೂ ಇದೇ ಎಂದು ನನಗೆ ತೋರುತ್ತದೆ. ಕೇಳುವವನಿಗೆ ಅರ್ಧ ಕೆಲಸ ಬಿಡಬೇಕು.

ಹೀಗೆ ಯೋಚಿಸಿ ನಾನು ವೀರನಿಗೆ ಹೆಸರಿಡಲಿಲ್ಲ. ಅವನ ಕಾಳಗವನ್ನು ವರ್ಣಿಸಲಿಲ್ಲ. ಅವನೆಲ್ಲ ಕಲ್ಲಿನಲ್ಲೇ ಇದ್ದಾನೆ. ಕಲ್ಲಿನಲ್ಲಿ ಇಲ್ಲದವರು ಇಬ್ಬರು: ಕಲ್ಲನ್ನು ಕಡೆದವನು ಮತ್ತು ಸತ್ತವನ ತಾಯಿ. ವೀರಗಲ್ಲುಗಳ ಮುಖಗಳನ್ನು ನೋಡಿದವರಿಗೆ ಒಂದು ವಿಷಯ ಗೊತ್ತು. ಊರು ಬೇರೆಯಾದರೂ ವೀರರ ಮುಖಗಳು ಹೆಚ್ಚುಕಡಿಮೆ ಒಂದೇ. ನನ್ನ ಕಥೆಯಲ್ಲಿ ತಾಯಿ ಶಿಲ್ಪಿಯ ಚಪ್ಪರಕ್ಕೆ ಬಂದು ಮುಗಿದ ಕಲ್ಲನ್ನು ನೋಡುತ್ತಾಳೆ. "ಇದು ನನ್ನ ಮಗನ ಮುಖವಲ್ಲ" ಎನ್ನುತ್ತಾಳೆ. ಶಿಲ್ಪಿ, "ತಾಯೀ, ನನ್ನ ಉಳಿಗೆ ಬರುವುದು ಇದೊಂದೇ ಮುಖ. ನೀನು ಹೇಳಿದ ಇನ್ನೊಂದು ಗುರುತನ್ನು ಮಾತ್ರ ಮರೆಯದೆ ಕಡೆದಿದ್ದೇನೆ" ಎನ್ನುತ್ತಾನೆ. ತಾಯಿ ಬಗ್ಗಿ ಹುಡುಕುತ್ತಾಳೆ; ಕಂಡು, ಅದರ ಮೇಲೆ ಕೈಯಿಡುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತದೆ. ಯಾವುದರ ಮೇಲೆ ಕೈಯಿಟ್ಟಳೆಂದು ಕಥೆ ಹೇಳುವುದಿಲ್ಲ. ಗೆಳೆಯ ಬರೆದ ಚಿತ್ರದಲ್ಲಿ ತಾಯಿಯೂ ಇಲ್ಲ, ಶಿಲ್ಪಿಯೂ ಇಲ್ಲ. ಕೆಳಪಟ್ಟಿಕೆ ಮಾತ್ರ ಇದೆ. ಮೂರು ಹಸು, ಒಂದರ ಕೊಂಬು ಅರ್ಧ, ಆ ಹಸುವಿನ ಮೈಮೇಲೆ ಎಣ್ಣೆಯ ಬೆರಳಚ್ಚು. ಕಥೆ 212 ಪದಗಳಿಗೇ ಮುಗಿದಿತ್ತು.

ಫಲಿತಾಂಶವನ್ನು ತಿಳಿಯುವ ಕುತೂಹಲ ಓದುಗರಿಗೆ ಸಹಜ. ಅರ್ಧ ಅಂಕ ತೀರ್ಪುಗಾರರದು, ಅರ್ಧ ಅಂಕ ಲೈಕುಗಳದು. ಲೈಕು ಎಂಬುದು ಮದುವೆಯ ಮುಯ್ಯಿಯಂತೆ. ಬಳಗ ದೊಡ್ಡದಾದಷ್ಟೂ ಅದೂ ದೊಡ್ಡದು. ನಮ್ಮ ಬಳಗದಲ್ಲಿ ಅರ್ಧ ಜನಕ್ಕೆ ಊರಿನ ಬೇವಿನ ಕಟ್ಟೆಯ ಮೇಲೆ ನಿಂತರೆ ಮಾತ್ರ ನೆಟ್‌ವರ್ಕ್ ಸಿಕ್ಕುತ್ತದೆ. ಬಹುಮಾನ ಬರಲಿಲ್ಲ. ತೀರ್ಪುಗಾರರ ಟಿಪ್ಪಣಿ ಬಂತು: "ಚಿತ್ರವನ್ನು ಮುಚ್ಚಿ ಓದಿದರೆ ಕಥೆಯ ಕೊನೆ ಅರ್ಥವಾಗುವುದಿಲ್ಲ." ಅವರು ಅದನ್ನು ಕೊರತೆಯೆಂದು ಬರೆದಿದ್ದರು. ಗೆಳೆಯ ಅದನ್ನು ಓದಿ, "ಇದಕ್ಕಿಂತ ದೊಡ್ಡ ಬಹುಮಾನ ಏನ್ ಬೇಕಲೇ?" ಎಂದು ನಕ್ಕ. ನನಗೂ ಹಾಗೆಯೇ ಅನ್ನಿಸಿತು. ಜೋಡೆತ್ತಿನ ಬಂಡಿಯಲ್ಲಿ ಒಂದು ಎತ್ತನ್ನು ಬಿಚ್ಚಿ, ಬಂಡಿ ಏಕೆ ಹೋಗದೆಂದು ಕೇಳಿದರೆ ಏನು ಹೇಳುವುದು?

ಆದರೆ ಈ ಸ್ಪರ್ಧೆಯಿಂದ ನಮಗೆ ದೊರೆತ ನಿಜವಾದ ಲಾಭ ಬೇರೆ. ಮುಂದಿನ ಅಮಾವಾಸ್ಯೆಗೆ ನಾವು ಕೆರೆ ಏರಿಗೆ ಹೋಗಿ, ಮೊಬೈಲಿನಲ್ಲಿ ಚಿತ್ರ ತೋರಿಸಿ ಕಥೆಯನ್ನು ಅಜ್ಜಿಗೆ ಓದಿ ಹೇಳಿದೆವು. ಆಕೆ ಕೊಂಬು ಮುರಿದ ಹಸುವನ್ನು ಕೂಡಲೆ ಗುರುತಿಸಿದಳು. ಕಥೆಯನ್ನು ಪೂರ್ತಿ ಕೇಳಿದಳು. ಆಮೇಲೆ ತಲೆಯಲ್ಲಾಡಿಸಿ, "ಚಂದ ಐತಪ್ಪಾ. ಆದ್ರ ವೀರಪ್ಪಗ ತಾಯಿ ಎಲ್ಲಿದ್ಲು? ಅವ ಅಕ್ಕನ ಮನಿಯಾಗ ಬೆಳದಾವ. ಆ ದನಾನೂ ಅಕ್ಕನವೇ ಅಂತ. ಅದಕ್ಕ ಈ ಊರಾಗ ಹೆಣ್ಮಕ್ಕಳೇ ಎಣ್ಣಿ ಹಚ್ಚಬೇಕು ಅಂತಿದ್ಲು ನಮ್ಮತ್ತಿ" ಎಂದಳು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಯಾರೆಂದು ಕೇಳಿದಾಗ "ಯಾರಿಗೆ ಗೊತ್ತು" ಎಂದವಳ ಬಾಯಿಂದ, ಒಂದು ಕಥೆ ಕೇಳಿದ ಮೇಲೆ ಇನ್ನೊಂದು ಕಥೆ ಹೊರಬಂದಿತ್ತು. ಪ್ರಶ್ನೆಗೆ ಬಾರದ ನೆನಪು ಕಥೆಗೆ ಬಂತು. ಏಕೆಂದರೆ ಪ್ರಶ್ನೆ ಕೇಳುವವನು ಪರೀಕ್ಷಕನಂತೆ ಕಾಣುತ್ತಾನೆ. ಕಥೆ ಹೇಳುವವನು ಜಗಲಿಯ ಮೇಲೆ ಜೊತೆಗೆ ಕುಳಿತವನಾಗುತ್ತಾನೆ. ಅವನ ಕಥೆಯನ್ನು ತಿದ್ದಲು ಯಾರಿಗೂ ಸಂಕೋಚವಿಲ್ಲ. ಅಜ್ಜಿಯ ಮಾತೂ ಚರಿತ್ರೆಯೆಂದು ನಾನು ಸಾಧಿಸಹೊರಟಿಲ್ಲ. ಆದರೆ ಅದು ಆಕೆಯ ಅತ್ತೆಯಿಂದ ಬಂದದ್ದು, ಮುಂದೆ ಯಾರಿಗೂ ಹೋಗದೆ ನಿಲ್ಲುವ ಹಂತದಲ್ಲಿದ್ದದ್ದು. ನನ್ನ ಕಥೆಯನ್ನು ನಾನು ಬದಲಾಯಿಸಲಿಲ್ಲ. ಅದು ಕಲ್ಪನೆಯೆಂದೇ ಇರಲಿ. ಆಕೆಯ ಮಾತನ್ನು ಬೇರೆ ಹಾಳೆಯಲ್ಲಿ, ಆಕೆಯ ಮಾತಿನಲ್ಲೇ, ದಿನಾಂಕ ಹಾಕಿ ಬರೆದಿಟ್ಟೆ. ಈ ಎರಡು ಹಾಳೆಗಳು ಒಂದಾಗಬಾರದೆಂಬುದೇ ನನ್ನ ಧರ್ಮಸಂಕಟಕ್ಕೆ ನಾನು ಕಂಡುಕೊಂಡ ಪರಿಹಾರ.

ಸಹಪಾಠಿಗಳಲ್ಲಿ ನನ್ನದೊಂದು ವಿಜ್ಞಾಪನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಹಳ್ಳಿಹಳ್ಳಿಗಳಿಂದ ನಾವು ಬಸ್ಸು ಹತ್ತಿ ಈ ಕಾಲೇಜಿಗೆ ಬರುತ್ತೇವೆ. ನಮ್ಮೂರುಗಳ ಕೆರೆ ಏರಿ, ಅಗಸೆ ಬಾಗಿಲು, ಹೊಲದ ಬದುಗಳಲ್ಲಿ ಇಂತಹ ಕಲ್ಲುಗಳು ನಿಂತಿವೆ, ಬಿದ್ದಿವೆ, ಕೆಲವು ಬಟ್ಟೆ ಒಗೆಯುವ ಹಾಸುಗಲ್ಲಾಗಿವೆ. ಚಿತ್ರ ತೆಗೆಯಲು ನಮ್ಮೆಲ್ಲರ ಕಿಸೆಯಲ್ಲಿ ಮೊಬೈಲಿದೆ. ರಜೆಯಲ್ಲಿ ಊರಿಗೆ ಹೋದಾಗ ಒಂದು ಕಲ್ಲಿನ ಚಿತ್ರ ತೆಗೆಯಿರಿ. ಅದಕ್ಕೊಂದು ಕಥೆ ಕಟ್ಟಿರಿ. ಕಟ್ಟಿದ್ದನ್ನು ಊರಿನ ಹಿರಿಯರೊಬ್ಬರಿಗೆ ಓದಿ ಹೇಳಿರಿ. ಅವರು "ಹಂಗಲ್ಲಪ್ಪಾ" ಎಂದು ಬಾಯಿ ತೆರೆದರೆ, ಬೇರೊಂದು ಹಾಳೆ ಸಿದ್ಧವಾಗಿರಲಿ.