ಮೃಗಶಿರಾ ಮಳೆಯಲ್ಲಿ ಬಣ್ಣದ ಪೆಟ್ಟಿಗೆ

ಸಿದ್ದಾಪುರದ ಬಸ್ಸಿನಲ್ಲಿ ಸೀಟು ಸಿಕ್ಕಿದ್ದು ಪೆಟ್ಟಿಗೆಗೆ. ನೀವು ನಿಂತಿದ್ದೀರಿ. ರಟ್ಟಿನ ಮೇಲೆ ಒಡೆಯುವ ಲೋಟದ ಚಿತ್ರ, ಮೇಲ್ಮುಖದ ಬಾಣ, ಅದರ ಪಕ್ಕದಲ್ಲಿ ಏಳು ಬಣ್ಣದಲ್ಲಿ ಹೊಳೆಯುವ ಮೂರು ಫ್ಯಾನುಗಳ ಫೋಟೊ. ಕಂಡಕ್ಟರ್ ಒಮ್ಮೆ ಫೋಟೊ ನೋಡಿ, ಒಮ್ಮೆ ನಿಮ್ಮ ಮುಖ ನೋಡಿ, ಲಗೇಜಿನ ಚೀಟಿ ಹರಿದು ಕೊಡುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ರಾತ್ರಿ ಬಸ್ಸಿನಲ್ಲಿ ಪಾರ್ಸೆಲ್ ಆಗಿ ಬಂದ ಈ ಮಿಡ್-ಟವರ್ ಕಂಪ್ಯೂಟರ್ ಕ್ಯಾಬಿನೆಟ್ಟನ್ನು ಬೆಳಿಗ್ಗೆ ಶಿರಸಿಯಲ್ಲಿ ಇಳಿಸಿಕೊಂಡಿದ್ದಾಯಿತು. ಬೆಲೆ ₹5,000ದ ಆಸುಪಾಸು. ಖಾಲಿ ಪೆಟ್ಟಿಗೆಗೆ ಇಷ್ಟು ದುಡ್ಡೇ ಎಂದು ಹಿಂದಿನ ಸೀಟಿನವರು ಆಗಲೇ ಕೇಳಿಯಾಗಿದೆ.

ಕಿಟಕಿಯ ಗಾಜು ಪೂರ್ತಿ ಮುಚ್ಚುತ್ತಿಲ್ಲ. ಕಾನಸೂರು ದಾಟುವ ಹೊತ್ತಿಗೆ ಎಡತೋಳು ಒದ್ದೆ. ಮೃಗಶಿರಾ ಹಿಡಿದು ಕೆಲವೇ ದಿನ, ಆದರೂ ರಸ್ತೆಯ ಪಕ್ಕದ ಹಳ್ಳ ಕೆಂಪಗೆ ತುಂಬಿ ಓಡುತ್ತಿದೆ. ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ ಸುರಿಯುವ ಸೀಮೆ ಇದು. ಕಂಪ್ಯೂಟರ್ ಪೆಟ್ಟಿಗೆಗೆ ಅಂಕ ಕೊಡುವವರು ಹವಾನಿಯಂತ್ರಿತ ಕೋಣೆಯಲ್ಲಿ ಕೂತು ತಾಪಮಾನ ಅಳೆಯುತ್ತಾರೆ. ಇಲ್ಲಿ ಅಳೆಯಬೇಕಾದದ್ದು ಬೇರೆಯೇ ಇದೆ.

ಬಸ್ಸಿಳಿದರೆ ಕೆಮ್ಮಣ್ಣಿನ ಇಳಿಜಾರು. ಕೊಡೆ ಪೆಟ್ಟಿಗೆಯ ಮೇಲೆ, ಮಳೆ ನಿಮ್ಮ ಮೇಲೆ. ಅಂಗಳದ ಅಂಚಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ ಎರಚಲು ತಡೆದಿದ್ದಾರೆ. ಜಗುಲಿಯ ಮೂಲೆಯಲ್ಲಿ ಮೈಲುತುತ್ತದ ಚೀಲ, ಸುಣ್ಣದ ಡಬ್ಬಿ. ಅಡಿಕೆಗೆ ಕೊಳೆಮದ್ದು ಹೊಡೆಯುವ ಕಾಲ. ಮಣೆಯ ಮೇಲೆ ಕೂತ ಅಜ್ಜ ಕವಳದ ತಟ್ಟೆಯಿಂದ ತಲೆಯೆತ್ತಿ ಕೇಳುತ್ತಾರೆ: "ಅದೆಂತದಾ ತಮಾ, ಫ್ರಿಜ್ಜನಾ?" ಒಳಗಿನಿಂದ ಇನ್ನೊಂದು ದನಿ: "ಆಸ್ರಿಗೆ ಎಂತ ಅಡ್ಡಿಲ್ಲೆ?"

ಪೆಟ್ಟಿಗೆ ತರಿಸಿದವನು ಈ ಮನೆಯ ಮೊಮ್ಮಗ. 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಬೆಂಗಳೂರಿನಿಂದ ಬಂದವನು ಮರಳಿ ಹೋಗಲಿಲ್ಲ. ಹಗಲು ಕಂಪನಿಯ ಕೆಲಸ, ರಾತ್ರಿ ಯಕ್ಷಗಾನದ ವಿಡಿಯೊ ಎಡಿಟಿಂಗ್. ಅವನ ಹಳೆಯ ಪೆಟ್ಟಿಗೆಗೆ ಮುಂಭಾಗ ಪೂರ್ತಿ ಮುಚ್ಚಿದ ಪ್ಲಾಸ್ಟಿಕ್. ಒಂದು ಪ್ರಸಂಗ ರೆಂಡರ್ ಆಗುವಷ್ಟರಲ್ಲಿ ಒಳಗಿನ ಗ್ರಾಫಿಕ್ಸ್ ಕಾರ್ಡಿನ ಬಿಸಿಗೆ ಬೆಕ್ಕು ಬಂದು ಪಕ್ಕದಲ್ಲಿ ಮಲಗುತ್ತದೆ.

ರಟ್ಟು ಬಿಚ್ಚುವ ಮೊದಲು ಅವನು ಕಂಬಳಿ ಹಾಸುತ್ತಾನೆ. ಅಷ್ಟರಲ್ಲೇ ಅವನಿಗೆ ವಿಷಯ ಗೊತ್ತಿದೆ ಎಂದು ನಿಮಗೆ ತಿಳಿಯುತ್ತದೆ. ಪಕ್ಕದ ಬಾಗಿಲು ಟೆಂಪರ್ಡ್ ಗಾಜಿನದ್ದು. ಕಾಯಿಸಿ ಥಟ್ಟನೆ ತಣಿಸಿದ ಈ ಗಾಜಿನ ಹೊರಮೈ ಒಳಮುಖವಾಗಿ ಒತ್ತಿಕೊಂಡಿರುತ್ತದೆ, ಒಳಗೆ ಎಳೆತ ತುಂಬಿರುತ್ತದೆ. ನಡುವೆ ಗುದ್ದಿದರೂ ತಡೆದುಕೊಂಡೀತು, ಆದರೆ ಅಂಚೊಂದು ಟೈಲ್ಸಿನ ಗಟ್ಟಿ ನೆಲಕ್ಕೆ ಟಕ್ ಎಂದರೆ ಇಡೀ ಹಲಗೆ ಪುಡಿ. ಜಗುಲಿಯ ನೆಲ ಹಳೆಯ ಕಾವಿಯದ್ದು, ಅಷ್ಟು ಭಯವಿಲ್ಲ. ಮೆತ್ತಿಯ ಮೇಲಿನ ಅವನ ಕೋಣೆಗೆ ಹೋದ ವರ್ಷ ಟೈಲ್ಸ್ ಹಾಕಿಸಿದ್ದಾರೆ, ಹಾಗಾಗಿ ಬಿಚ್ಚುವುದೆಲ್ಲ ಇಲ್ಲೇ, ಕಂಬಳಿಯ ಮೇಲೆ.

ಗಾಜು ತೆಗೆದಿಟ್ಟರೆ ಉಳಿದದ್ದು ತಗಡು. ಹೆಬ್ಬೆರಳಿನಿಂದ ಇನ್ನೊಂದು ಪಕ್ಕದ ಬಾಗಿಲನ್ನು ಒತ್ತಿ ನೋಡಿ, ಬಾಗುತ್ತದೆ. ಸತು ಲೇಪಿಸಿದ ಉಕ್ಕಿನ ತಗಡು ಅಗ್ಗದ ಪೆಟ್ಟಿಗೆಗಳಲ್ಲಿ ಅರ್ಧ ಮಿಲಿಮೀಟರಿನಷ್ಟೇ ಇರುತ್ತದೆ, ದುಬಾರಿಯವುಗಳಲ್ಲಿ 0.8ರವರೆಗೆ ಹೋಗುತ್ತದೆ. ಬಾಗುವುದು ದೊಡ್ಡ ದೋಷವಲ್ಲ. ಈ ಸೀಮೆಯಲ್ಲಿ ಕಣ್ಣು ಹೋಗಬೇಕಾದದ್ದು ಕತ್ತರಿಸಿದ ಅಂಚಿಗೆ, ರಿವೆಟ್ಟಿನ ಸುತ್ತಲ ಜಾಗಕ್ಕೆ, ಸ್ಕ್ರೂ ತೂತಿನ ಒಳಮೈಗೆ. ಆಷಾಢದಲ್ಲಿ ಪುಸ್ತಕದ ಬೆನ್ನಿಗೂ ಬೂಷ್ಟು ಬರುವ ಕೋಣೆಯಲ್ಲಿ ತುಕ್ಕು ಶುರುವಾಗುವುದು ಅಲ್ಲಿಂದಲೇ. ಟಾರ್ಚು ಹಿಡಿಯುತ್ತೀರಿ. ಅಂಚುಗಳಿಗೆ ಬಣ್ಣ ಸರಿಯಾಗಿ ಕೂತಿದೆ. ಕೊಟ್ಟ ಸ್ಕ್ರೂಗಳು ಮಾತ್ರ ಸಾಧಾರಣ. ಬರುವ ಮಳೆಗಾಲಕ್ಕೆ ಇವು ಕಂದು ತಿರುಗುವುದು ಖಾತ್ರಿ. ಅಜ್ಜ ಕುಳಿತಲ್ಲಿಂದಲೇ ಮೈಲುತುತ್ತದ ಚೀಲವನ್ನು ಕಾಲಿನಿಂದ ದೂರ ಸರಿಸುತ್ತಾರೆ. ಅದು ಕರಗಿದ ನೀರು ಕಬ್ಬಿಣಕ್ಕೆ ತಾಗಿದರೆ ಏನಾಗುತ್ತದೆಂದು ಅವರಿಗೆ ಯಾರೂ ಹೇಳಬೇಕಿಲ್ಲ.

ಹಿಂಬದಿಯಲ್ಲಿ ಕಾರ್ಡು ಕೂರುವ ಏಳು ಕಿಂಡಿ. ಅವುಗಳ ಮುಚ್ಚಳ ಮುರಿದು ತೆಗೆಯುವಂಥದ್ದೋ, ಸ್ಕ್ರೂ ಬಿಚ್ಚಿ ಮತ್ತೆ ಹಾಕುವಂಥದ್ದೋ? ಪೇಟೆಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಮುರಿದರೆ ಕಿಂಡಿ ಶಾಶ್ವತವಾಗಿ ತೆರೆದಿರುತ್ತದೆ, ಹಂಚಿನ ಮನೆಯ ಹಲ್ಲಿಗೆ, ಇರುವೆಗೆ, ಅಟ್ಟದ ಇಲಿಮರಿಗೆ ಅದು ಹೆಬ್ಬಾಗಿಲು. ಇದರಲ್ಲಿ ಮೊದಲನೆಯದೊಂದು ಸ್ಕ್ರೂವಿನದು, ಉಳಿದ ಆರೂ ಮುರಿಯುವಂಥವು. ನಾನಾದರೆ ಇದಕ್ಕೆ ಅಂಕ ಕಳೆಯುತ್ತೇನೆ. ಫ್ಯಾನಿನ ಸಂಖ್ಯೆ ದೊಡ್ಡಕ್ಷರದಲ್ಲಿ ಅಚ್ಚು ಹಾಕುವವರು ಮುಚ್ಚಳದ ವಿಷಯ ಎಲ್ಲೂ ಬರೆಯುವುದಿಲ್ಲ.

ಅಳತೆಗಳಲ್ಲಿ ತಕರಾರಿಲ್ಲ. ಇಂಟೆಲ್ 1995ರಲ್ಲಿ ಗೊತ್ತುಪಡಿಸಿದ ಎಟಿಎಕ್ಸ್ ಬೋರ್ಡು 305ಕ್ಕೆ 244 ಮಿ.ಮೀ.; ಮಿಡ್-ಟವರ್ ಎಂದರೆ ಅದು ಪೂರ್ತಿ ಕೂರುವ ಪೆಟ್ಟಿಗೆ. ಪ್ರೊಸೆಸರಿನ ಮೇಲಿನ ಕೂಲರ್ ಗಾಜಿಗೆ ತಾಗುವುದಿಲ್ಲ, ಕಾರ್ಡಿನ ತುದಿ ಮುಂದಿನ ಫ್ಯಾನಿಗೆ ಮುಟ್ಟುವುದಿಲ್ಲ. ಟೇಪು ಮಡಚಿಡಿ.

ಹೊತ್ತು ತೆಗೆದುಕೊಳ್ಳುವುದು ಮುಂದಿನ ಜಾಲರಿ. ಅದನ್ನು ಬಿಚ್ಚಿ ಆಕಾಶದ ಮಂಕು ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ತೂತುಗಳಲ್ಲಿ ತೋಟದ ಹಸಿರು ಕಾಣುತ್ತದೆ. ಮೊಮ್ಮಗ ಮೊಬೈಲಿನಲ್ಲಿ ಯಲ್ಲಾಪುರದ ಸ್ಟುಡಿಯೊ ಗೆಳೆಯನ ಕಂಪ್ಯೂಟರಿನ ಫೋಟೊ ತೋರಿಸುತ್ತಾನೆ. ಹೆದ್ದಾರಿಯ ಬದಿಯ ಅಂಗಡಿ, ಮನೆಯಲ್ಲಿ ಅಡಿಕೆ. ಪೆಟ್ಟಿಗೆ ತೆರೆದಾಗ ತೆಗೆದ ಚಿತ್ರ ಅದು: ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ನಾರು ನಾರಾದ ಕಂದು ಹಾಸು. ರಸ್ತೆಯ ಧೂಳು ಪುಡಿಯಾಗಿ ಕೂರುತ್ತದೆ, ಚಾಲಿ ಅಡಿಕೆ ಸುಲಿಯುವಾಗ ಏಳುವ ಸಿಪ್ಪೆಯ ಧೂಳು ಎಳೆಯೆಳೆಯಾಗಿ ಹೆಣೆದುಕೊಳ್ಳುತ್ತದೆ. ಶಿರಸಿ ಸುಪಾರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು, ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕಿನ ಹೆಸರು ಅದರಲ್ಲಿದೆ. ಆ ಕೀರ್ತಿಯ ಹಿಂದಿನ ಧೂಳೂ ಮೂರೂ ತಾಲ್ಲೂಕಿನ ಕಂಪ್ಯೂಟರುಗಳಿಗೆ ಸಮಪಾಲು.

ಹಾಗಾಗಿ ಪ್ರಶ್ನೆ ಗಾಳಿ ಎಷ್ಟು ಎನ್ನುವುದಷ್ಟೇ ಅಲ್ಲ, ಗಾಳಿ ಎಲ್ಲಿಂದ ಎನ್ನುವುದು. ಮುಂದೆ ಮೂರು ಫ್ಯಾನು ಒಳಗೆ ಎಳೆದು ಹಿಂದೆ ಒಂದು ಹೊರಗೆ ದೂಡಿದರೆ ಪೆಟ್ಟಿಗೆಯೊಳಗೆ ಒತ್ತಡ ಹೆಚ್ಚು. ಸಂದಿಗೊಂದಿಗಳಿಂದ ಗಾಳಿ ಹೊರಗೇ ಹೋಗುತ್ತದೆ, ಧೂಳು ಫಿಲ್ಟರ್ ದಾಟಿಯೇ ಬರಬೇಕು. ಬೋರ್ಡು, ಕಾರ್ಡು ಎಲ್ಲ ಕೂರಿಸಿ ಫ್ಯಾನು ತಿರುಗಿಸಿದ ಮೇಲೆ ಮೊಮ್ಮಗ ದೇವರ ಕೋಣೆಯಿಂದ ಊದುಬತ್ತಿ ತರುತ್ತಾನೆ. ನೀವು ಅದನ್ನು ಹಿಂದಿನ ಕಿಂಡಿಗಳ ಬಳಿ ಹಿಡಿಯುತ್ತೀರಿ. ಹೊಗೆ ಪೆಟ್ಟಿಗೆಯಿಂದ ದೂರ ಬಾಗುತ್ತದೆ. ಗಾಜಿನ ಸಂದಿಯಲ್ಲೂ ಹಾಗೆಯೇ. ಮುಂದಿನ ಜಾಲರಿಯ ಎದುರು ಹಿಡಿದರೆ ನೇರವಾಗಿ ಒಳಗೆ. ಅಡಿಯ ವಿದ್ಯುತ್ ಪೂರೈಕೆಯ ಫಿಲ್ಟರು ಮುಂದಕ್ಕೆ ಎಳೆದರೆ ಬರುತ್ತದೆ, ಮೇಲಿನದು ಅಯಸ್ಕಾಂತದ್ದು. ಮುಂದಿನ ಜಾಲರಿಗೆ ಮಾತ್ರ ಹಿಂದೆ ಬೇರೆ ಬಟ್ಟೆಯಿಲ್ಲ. ಅರ್ಧ ಮೀಟರ್ ನೈಲಾನ್ ಪರದೆ ತಂದು ಕತ್ತರಿಸಿ ಅಂಟಿಸಿದರೆ ತೀರಿತು.

ಈ ನಡುವೆ ಪೆಟ್ಟಿಗೆಯ ಮೇಲ್ಮೈ ಸವರಿದ ಅವನು ಕೈ ಹಿಂದೆಳೆಯುತ್ತಾನೆ. ಜುಮ್. ಬರಿಗಾಲು, ಒದ್ದೆ ನೆಲ. ಟೆಸ್ಟರ್ ಮುಟ್ಟಿಸಿದರೆ ಮಂಕಾಗಿ ಹತ್ತುತ್ತದೆ. ದೋಷ ಪೆಟ್ಟಿಗೆಯದ್ದಲ್ಲ. ಕಂಪ್ಯೂಟರಿನ ವಿದ್ಯುತ್ ಪೂರೈಕೆಯಲ್ಲಿ ಗದ್ದಲ ಸೋಸಲು ಎರಡು ಪುಟ್ಟ ಕೆಪಾಸಿಟರ್ ತಂತಿಯಿಂದ ಲೋಹದ ಮೈಗೆ ಜೋಡಿಸಿರುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ಆ ಮೈ ಮನೆಯ ವೋಲ್ಟೇಜಿನ ಅರ್ಧದಲ್ಲಿ, ಸುಮಾರು 115ರಲ್ಲಿ, ತೇಲುತ್ತದೆ. ಹರಿಯುವ ಕರೆಂಟ್ ತೀರ ಕಡಿಮೆ, ಆದರೂ ಕೆಟ್ಟದ್ದು. ಜಗುಲಿಯ ಹಳೆಯ ಸಾಕೆಟ್ಟಿನ ಮೂರನೇ ತೂತಿಗೆ ತಂತಿಯೇ ಬಂದಿಲ್ಲ. ಮೆತ್ತಿಯ ಸಾಕೆಟ್ಟಿಗೆ ಬಂದಿದೆ. ಎಲ್ಲವನ್ನೂ ಬಿಚ್ಚಿ ಮೇಲಕ್ಕೆ ಹೊರುವುದು, ಮೆಟ್ಟಿಲಿನಲ್ಲಿ ಗಾಜು ಮೊದಲು, ಪೆಟ್ಟಿಗೆ ಆಮೇಲೆ.

ಈಗ ಸಂಜೆ. ಮೆತ್ತಿಯ ಕೋಣೆಯಲ್ಲಿ ದೀಪ ಆರಿಸಿ ಗುಂಡಿ ಒತ್ತಿದಾಗ ನಾಲ್ಕೂ ಫ್ಯಾನು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಹಸಿರು ನೀಲಿಗೆ, ನೀಲಿ ನೇರಳೆಗೆ, ಸುತ್ತುತ್ತಾ ಸುತ್ತುತ್ತಾ. ಹಂಚಿನ ಅಡಿಯ ಕಪ್ಪು ಪಕಾಸಿಗಳ ಮೇಲೆ ಬಣ್ಣ ಓಡುತ್ತದೆ. ಕೆಂಪು, ಹಸಿರು, ನೀಲಿ, ಪ್ರತಿಯೊಂದಕ್ಕೂ 256 ಮಟ್ಟ. ಗುಣಿಸಿದರೆ 1,67,77,216 ಬಣ್ಣ. ಇದರಲ್ಲಿ ನೀಲಿಯದ್ದೇ ಕೊನೆಗೆ ಒಲಿದ ಭಾಗ. ಕೆಂಪು, ಹಸಿರು ಎಲ್‌ಇಡಿ ಬಂದು ದಶಕಗಳಾದ ಮೇಲೆ ನೀಲಿಯನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಸಿಕ್ಕಿತು. ಬಾಗಿಲಲ್ಲಿ ನಿಂತ ಅಜ್ಜಿಗೆ ಕಂಡದ್ದು ಬೇರೆ: "ಬಿಡ್ಕಿಬೈಲಿನ ಜಾತ್ರೆ ಪೇಟೆ ಕಂಡಂಗೆ ಕಾಣ್ತು." ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಗದ್ದುಗೆಗೆ ಬಂದಾಗ ಶಿರಸಿಯ ಬಿಡ್ಕಿಬೈಲು ಹೀಗೇ ಇರುತ್ತದೆ, ನಿಜ.

ಕರೆಂಟ್ ಹೋಗುತ್ತದೆ. ಇನ್ವರ್ಟರ್ ಹಿಡಿದುಕೊಂಡು ಪೆಟ್ಟಿಗೆ ಮತ್ತೆ ಎದ್ದಾಗ ಮೊದಲಿನದೇ ಕಾಮನಬಿಲ್ಲು. ನಡುವೆ ಆಯ್ದಿಟ್ಟ ಬಣ್ಣ ನೆನಪಿಲ್ಲ. ಪೆಟ್ಟಿಗೆಯ ಜೊತೆ ಬಂದ ಅಗ್ಗದ ಕಂಟ್ರೋಲರಿನ ಮರೆವು ಅದು. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವಲ್ಲಿ ಇದು ಸಣ್ಣ ದೂರಲ್ಲ. ಫ್ಯಾನಿನ ದೀಪದ ತಂತಿಯನ್ನು ಕಂಟ್ರೋಲರಿನಿಂದ ಕಿತ್ತು ಬೋರ್ಡಿಗೇ ಚುಚ್ಚುವುದು ವಾಸಿ. ಚುಚ್ಚುವಾಗ ಮೂರು ಕಡ್ಡಿಯ 5 ವೋಲ್ಟಿನ ಜಾಗವೇ ಆಗಿರಬೇಕು. ಪಕ್ಕದ ನಾಲ್ಕು ಕಡ್ಡಿಯ 12 ವೋಲ್ಟಿಗೆ ತುರುಕಿದರೆ ದೀಪಗಳು ಒಂದೇ ಕ್ಷಣಕ್ಕೆ ಸುಟ್ಟಾವು.

ಮಳೆ ಒಂದು ಗಳಿಗೆ ಬಿಡುತ್ತದೆ. ಅಂಗಳದ ಮಣ್ಣಿನಿಂದ ರೆಕ್ಕೆಗೆದ್ದಲು ಏಳಲು ಅಷ್ಟು ಸಾಕು. ಊರಿಗೆ ಊರೇ ಕತ್ತಲು, ಎತ್ತರದ ಕಿಟಕಿಯಲ್ಲಿ ಈ ಒಂದೇ ಬೆಳಕು. ಮೊದಲು ಎರಡು, ಆಮೇಲೆ ಎಣಿಕೆ ತಪ್ಪುತ್ತದೆ. ಹಾತೆಗಳು ಗಾಜಿಗೆ ಬಡಿಯುತ್ತವೆ, ಜಾಲರಿಗೆ ಅಂಟುತ್ತವೆ, ಉದುರಿದ ರೆಕ್ಕೆಗಳನ್ನು ಫ್ಯಾನುಗಳು ಮುಂಭಾಗಕ್ಕೆ ಎಳೆದು ಹಾಸುತ್ತವೆ. ಕೆಲವು ಮೇಲಿನ ಫಿಲ್ಟರಿನ ಮೇಲೆ ತೆವಳುತ್ತಿವೆ. ಆ ಅಯಸ್ಕಾಂತದ ಹಾಳೆ ಇಲ್ಲದಿದ್ದರೆ ಅವು ಈಗ ಗ್ರಾಫಿಕ್ಸ್ ಕಾರ್ಡಿನ ಫ್ಯಾನಿನಲ್ಲಿ. ಬೆಳಕನ್ನು ಕರೆಯಾಗಿಯೂ ಗಾಳಿಯನ್ನು ಬಲೆಯಾಗಿಯೂ ಮಾಡಿದ ಯಂತ್ರವೊಂದನ್ನು ಮಳೆಗಾಲದ ಮೊದಲ ವಾರ ಮಲೆನಾಡಿನ ಕಿಟಕಿಯಲ್ಲಿಟ್ಟಿದ್ದೀರಿ.

ಕಿಟಕಿ ಮುಚ್ಚಿದರೆ ಸೆಕೆ. ಮೊಮ್ಮಗ ಬಣ್ಣ ಬದಲಿಸುತ್ತಾನೆ. ಬಿಳಿಗೆ ಹಾಕಿದರೆ ಮುತ್ತಿಗೆ ಇನ್ನೂ ಜೋರು. ಬರೀ ನೀಲಿ, ಅದೇ ಕಥೆ. ಅಚ್ಚ ಕೆಂಪು ಹಾಕಿ ಸ್ವಲ್ಪ ಹೊತ್ತು ಕಾಯಿರಿ. ಗಾಜಿನ ಮೇಲಿದ್ದವು ದಿಕ್ಕು ತಪ್ಪಿ ಚದುರುತ್ತವೆ, ಹೊಸದಾಗಿ ಬರುವುದು ನಿಂತೇಹೋಗುತ್ತದೆ ಎನ್ನುವಷ್ಟು ಕಡಿಮೆ. ಕೀಟದ ಕಣ್ಣು ನೇರಳಾತೀತಕ್ಕೂ ನೀಲಿಗೂ ಚುರುಕು, ಕೆಂಪಿಗೆ ಬಹುಪಾಲು ಕುರುಡು. ತೆರೆದ ಜಗುಲಿಗೆ ಹಳದಿ ಬಲ್ಬು ಹಾಕುವುದೂ ಇದೇ ಕಾರಣಕ್ಕೆ. ಕೆಂಪಿಗೆ ಇನ್ನೊಂದು ಲಾಭವೂ ಇದೆ. ಈ ಬಗೆಯ ಒಂದು ಎಲ್‌ಇಡಿ ಪೂರ್ತಿ ಬಿಳಿಯಲ್ಲಿ 60 ಮಿಲಿಆಂಪಿಯರ್‌ವರೆಗೆ ಎಳೆಯುತ್ತದೆ, ಒಂದೇ ಬಣ್ಣವಾದರೆ ಅದರ ಮೂರನೇ ಒಂದು. ಫ್ಯಾನಿಗೆ ಎಂಟರಂತೆ ನಾಲ್ಕು ಫ್ಯಾನಿನ ಲೆಕ್ಕ ಹಿಡಿದರೆ ಹತ್ತು ವಾಟಿನ ಹತ್ತಿರದಿಂದ ಮೂರು ವಾಟಿಗೆ ಇಳಿಯಿತು. ಇನ್ವರ್ಟರಿನ ಮೇಲೆ ರಾತ್ರಿ ಕಳೆಯುವ ಮನೆಯಲ್ಲಿ ಅಷ್ಟಾದರೂ ಉಳಿಯಲಿ.

ಅಜ್ಜಿಗೆ ಲೆಕ್ಕ ಬೇಡ. "ಇಷ್ಟೆಲ್ಲ ಬಣ್ಣ ಇದ್ದು, ಒಂದು ಕೆಂಪೇ ಸಾಕಾತಲ!"

ಎಡಿಟಿಂಗಿಗೆ ಕೂತಾಗ ಆ ಕೆಂಪೂ ಬೇಡ. ಪರದೆಯ ಮೇಲೆ ಬಣ್ಣದ ವೇಷದ ಹಳದಿ, ಹಸಿರು ಸರಿಯಿದೆಯೇ ಎಂದು ನೋಡುವವನ ಕಣ್ಣಿನ ಪಕ್ಕದಲ್ಲಿ ಇನ್ನೊಂದು ಬಣ್ಣ ಕುಣಿಯುತ್ತಿದ್ದರೆ ತೀರ್ಪು ಕೆಡುತ್ತದೆ. ಕೆಂಪು ಬೆಳಕಿನ ಪಕ್ಕ ಹಸಿರು ಹೆಚ್ಚೇ ಹಸಿರಾಗಿ ಕಾಣುತ್ತದೆ. ಕೆಲಸದ ಹೊತ್ತಿನಲ್ಲಿ ದೀಪ ಆರಿಸುವ ಗುಂಡಿ ಪೆಟ್ಟಿಗೆಯ ಮುಂದೆಯೇ ಇರುವುದು ಒಳ್ಳೆಯದು. ಇದರಲ್ಲಿದೆ, ಒತ್ತಿ ಹಿಡಿದರೆ ಆರುತ್ತದೆ.

ಆರಿಸಬಾರದ್ದು ಕಂಪ್ಯೂಟರನ್ನು. ಜಡಿಮಳೆಯ ವಾರಗಳಲ್ಲಿ ದಿನಕ್ಕೊಂದಷ್ಟು ಹೊತ್ತು ಓಡುತ್ತಿದ್ದರೆ ಒಳಗಿನ ಭಾಗಗಳು ಸುತ್ತಲ ಗಾಳಿಗಿಂತ ಬೆಚ್ಚಗಿದ್ದು ಪಸೆ ಕೂರುವುದಿಲ್ಲ. ಮದುವೆ, ಶ್ರಾದ್ಧ ಎಂದು ವಾರಗಟ್ಟಲೆ ಮುಚ್ಚಿಟ್ಟು ಬಂದವರ ಬೋರ್ಡುಗಳೇ ರಿಪೇರಿಗೆ ಮೊದಲು ಬರುವುದು. ಸಿಡಿಲಿನ ಹೊತ್ತು ಮಾತ್ರ ಬೇರೆ: ಪ್ಲಗ್ಗೂ ಕೀಳಬೇಕು, ಇಂಟರ್ನೆಟ್ಟಿನ ತಂತಿಯೂ.

ಹಾಗಾದರೆ ಇಟ್ಟುಕೊಳ್ಳುವುದೋ, ಮರಳಿಸುವುದೋ? ಹಳೆಯ ಪೆಟ್ಟಿಗೆಯಲ್ಲಿ ಬೆಕ್ಕನ್ನು ಕರೆಯುತ್ತಿದ್ದ ಅದೇ ಪ್ರಸಂಗವನ್ನು ಮತ್ತೆ ರೆಂಡರಿಗೆ ಹಾಕಿ ನೋಡಿದ್ದಾಗಿದೆ. ಫ್ಯಾನಿನ ಸದ್ದು ಹಂಚಿನ ಮೇಲಿನ ಮಳೆಯನ್ನು ಮೀರುತ್ತಿಲ್ಲ, ಗಾಜು ಕೈಗೆ ಉಗುರುಬೆಚ್ಚಗಷ್ಟೇ. ಮುರಿಯುವ ಮುಚ್ಚಳಗಳಿಗೂ ಮರೆಗುಳಿ ಕಂಟ್ರೋಲರಿಗೂ ಅಂಕ ಕಳೆದ ಮೇಲೂ ಜಾಲರಿ, ಫಿಲ್ಟರು, ಒತ್ತಡ ಮೂರರಲ್ಲಿ ಇದು ಗೆದ್ದಿದೆ. ಈ ಬೆಲೆಗೆ ಮುಂಭಾಗಕ್ಕೂ ಗಾಜು ಹಾಕಿ ಗಾಳಿ ಕಟ್ಟುವ ಪೆಟ್ಟಿಗೆಗಳೇ ಪೇಟೆಯಲ್ಲಿ ಹೆಚ್ಚು. ಫೋಟೊದಲ್ಲಿ ಅವು ಚೆಂದ, ಅಡಿಕೆ ಸೀಮೆಗೆ ಅಲ್ಲ. ಇರಲಿ ಇದು.

ನಾಳೆ ಶಿರಸಿಗೆ ಹೋಗುವವರ ಕೈಗೆ ಚೀಟಿ ಸಿದ್ಧವಾಗುತ್ತಿದೆ. ತುಕ್ಕು ಹಿಡಿಯದ ಸ್ಟೀಲಿನ ಸ್ಕ್ರೂ ಒಂದು ಪೊಟ್ಟಣ, ನೈಲಾನ್ ಪರದೆ ಅರ್ಧ ಮೀಟರ್, ಜಗುಲಿಗೆ ಮೂರು ಪಿನ್ನಿನ ಸಾಕೆಟ್ಟು, ಅರ್ಥಿಂಗಿಗೆ ಹಸಿರು ತಂತಿ. ಕೆಳಗಿನಿಂದ ಅಜ್ಜ ಕೂಗುತ್ತಾರೆ, ಹೊಗೆಸೊಪ್ಪೂ ಬರೆಯಲು.