ಮರಳಿ ಬಾರದ ಆರು ಮಂದಿ



ನಿಮ್ಮ ಮನೆಗೂ ಅಂತಹ ಪತ್ರವೊಂದು ಬಂದಿರಬಹುದು. ಓದಿದ ಕಾಲೇಜಿನಿಂದಲೋ, ತಂಗಿದ್ದ ವಿದ್ಯಾರ್ಥಿನಿಲಯದಿಂದಲೋ ವರ್ಷಕ್ಕೊಮ್ಮೆ ಬರುವ ಪತ್ರ. ಮೊದಲ ಪುಟದಲ್ಲಿ ಸುದ್ದಿ: ಯಾರಿಗೆ ಉದ್ಯೋಗ ದೊರೆಯಿತು, ಯಾರ ವಿವಾಹವಾಯಿತು, ಯಾರು ಪ್ರಭುವಿನಲ್ಲಿ ನಿದ್ರಿಸಿದರು. ಕೊನೆಯ ಪುಟದಲ್ಲಿ ಕೋರಿಕೆ: ಈ ವರ್ಷ ಇಂತಿಷ್ಟು ಮಕ್ಕಳು ಕಷ್ಟದಲ್ಲಿದ್ದಾರೆ, ಕೈಲಾದ ನೆರವು ನೀಡಿ. ಮೊದಲ ಪುಟವನ್ನು ನಾವು ಆಸಕ್ತಿಯಿಂದ ಓದುತ್ತೇವೆ. ಕೊನೆಯ ಪುಟವನ್ನು ಮಡಚಿಡುತ್ತೇವೆ. ನಾನೂ ಹಾಗೆ ಮಡಚಿಟ್ಟವನೇ. ಅದರ ಅರಿವು ನನಗಾದದ್ದು ದೂರದ ಅಮೆರಿಕದಲ್ಲಿ, ಒಂದು ಬೆಂಚಿನ ಮೇಲೆ ಕುಳಿತಿದ್ದಾಗ.

ಕೆಲವು ವರ್ಷಗಳ ಹಿಂದೆ ನನ್ನ ತಂಗಿಯ ಮಗ ನ್ಯೂಯಾರ್ಕ್ ರಾಜ್ಯದ ಇಥಾಕಾ ಎಂಬ ಊರಿನಲ್ಲಿ ಓದುತ್ತಿದ್ದ. ಅವನನ್ನು ನೋಡಲು ಹೋಗಿದ್ದಾಗ ಕಾರ್ನೆಲ್ ವಿಶ್ವವಿದ್ಯಾಲಯದ ಆವರಣವನ್ನು ತೋರಿಸಿದ. ನಡೆದು ದಣಿದ ನಾನು ಕಂಡ ಬೆಂಚಿನ ಮೇಲೆ ಕುಳಿತೆ. ಅದು ಬರಿಯ ಬೆಂಚಲ್ಲ, ಒಂದು ಸ್ಮಾರಕದ ಭಾಗ. ‘ಆಲ್ಫಾ ಫೈ ಆಲ್ಫಾ’ ಎಂಬ ವಿದ್ಯಾರ್ಥಿ ಸೋದರಕೂಟದ ನೂರು ವರ್ಷಗಳ ನೆನಪಿಗಾಗಿ ಕಟ್ಟಿದ್ದು.

ಅಮೆರಿಕದ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರು ಹೊತ್ತ ಇಂತಹ ಕೂಟಗಳು ಬಹಳ. ಅವುಗಳಲ್ಲಿ ಮೊದಲನೆಯದು 1776ರಲ್ಲೇ ಹುಟ್ಟಿತು. ಬೇರೆ ಬೇರೆ ಕಾಲೇಜುಗಳಲ್ಲಿ ಅವುಗಳ ಶಾಖೆಗಳು. ಒಮ್ಮೆ ಸೇರಿದವನು ಜೀವನಪರ್ಯಂತ ಸದಸ್ಯ. ಓದು ಮುಗಿಸಿ ಹೋದವರಿಗೆ ಶಾಖೆಯಿಂದ ಸುದ್ದಿಪತ್ರ ಹೋಗುತ್ತದೆ. ಅವರಿಂದ ಶಾಖೆಗೆ ವಿದ್ಯಾರ್ಥಿವೇತನವೂ ನೌಕರಿಯ ಸುಳಿವೂ ಹಿರಿಯರ ಸಲಹೆಯೂ ಬರುತ್ತವೆ. ನಿಜ ಹೇಳಬೇಕೆಂದರೆ, ಈ ಕೂಟಗಳ ಬಗ್ಗೆ ನನಗೆ ಸದಭಿಪ್ರಾಯವಿರಲಿಲ್ಲ. ಸೇರ್ಪಡೆಯ ನೆಪದಲ್ಲಿ ಹೊಸಬರಿಗೆ ಹಿಂಸೆ ಕೊಟ್ಟು, ಮಿತಿಮೀರಿ ಮದ್ಯ ಕುಡಿಸಿ, ಪ್ರಾಣಕ್ಕೇ ಎರವಾದ ಪ್ರಸಂಗಗಳು ಅಲ್ಲಿ ನಡೆದಿವೆ. ಕಾಲೇಜುಗಳು ಇಂತಹ ಪ್ರಕರಣಗಳನ್ನು ಬಹಿರಂಗಪಡಿಸಬೇಕೆಂದು ಆ ದೇಶ 2024ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ರ‍್ಯಾಗಿಂಗ್ ತಡೆಗೆ ನಮ್ಮ ವಿಶ್ವವಿದ್ಯಾಲಯ ಅನುದಾನ ಆಯೋಗ 2009ರಲ್ಲಿ ನಿಯಮಗಳನ್ನು ತಂದದ್ದು ನಿಮಗೆ ನೆನಪಿರಬಹುದು. ಸೋದರನೆಂದು ಕರೆದು ಸೋದರನನ್ನೇ ನೋಯಿಸುವ ಪಾಪ ಕಾಯಿನನ ಕಾಲದಿಂದಲೂ ಇದೆ.

ಆದರೆ ಆ ಬೆಂಚಿನ ಕಥೆಯೇ ಬೇರೆ. 1904–05ರ ಶೈಕ್ಷಣಿಕ ವರ್ಷದಲ್ಲಿ ಕಾರ್ನೆಲ್‌ನಲ್ಲಿ ಓದುತ್ತಿದ್ದ ಕಪ್ಪು ಜನಾಂಗದ ಆರು ವಿದ್ಯಾರ್ಥಿಗಳು ಮರುವರ್ಷ ಮರಳಿ ಬರಲಿಲ್ಲ. ಯಾರೂ ಅವರನ್ನು ಹೊರಗೆ ಹಾಕಿರಲಿಲ್ಲ. ವಿಶ್ವವಿದ್ಯಾಲಯದ ಬಾಗಿಲು ತೆರೆದೇ ಇತ್ತು. ಒಳಗೆ ಮಾತ್ರ ತಮ್ಮವರೆನ್ನುವವರಿರಲಿಲ್ಲ. ಊರೊಳಗಿನ ಕಪ್ಪು ಜನರ ಮನೆಗಳಲ್ಲಿ ತಂಗಬೇಕು, ಓದಿನ ಜೊತೆಗೆ ದುಡಿಯಬೇಕು. ಬಿಳಿಯ ವಿದ್ಯಾರ್ಥಿಗಳ ಸೋದರಕೂಟಗಳ ಮನೆಗಳಲ್ಲಿಯೇ ಕೆಲವರು ಕೆಲಸಕ್ಕಿದ್ದರು. ಆ ಸೋದರತ್ವವನ್ನು ಅವರು ದಿನವೂ ಕಾಣಬಹುದಿತ್ತು. ಅದರಲ್ಲಿ ಪಾಲು ಪಡೆಯುವಂತಿರಲಿಲ್ಲ.

ಆರು ಮಂದಿ ಹೋದ ಮೇಲೆ ಉಳಿದವರು ಸುಮ್ಮನೆ ಕೂರಲಿಲ್ಲ. ಒಬ್ಬರಿಗೊಬ್ಬರು ಪಾಠ ಹೇಳಿಕೊಡಲು ಮನೆಯೊಂದರಲ್ಲಿ ಸೇರತೊಡಗಿದರು. ಸಾಹಿತ್ಯ ಸಂಘ ಸಾಕೆಂದರು ಕೆಲವರು. ಬಾಳಿನುದ್ದಕ್ಕೂ ನಿಲ್ಲುವ ಸೋದರಬಂಧವೇ ಬೇಕೆಂದರು ಉಳಿದವರು. ಕಡೆಗೆ 1906ರ ಡಿಸೆಂಬರ್ 4ರಂದು ಏಳು ಮಂದಿ ಸೇರಿ ಆ ಕೂಟವನ್ನು ಸ್ಥಾಪಿಸಿದರು. ಮರುವರ್ಷವೇ ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಎರಡನೆಯ ಶಾಖೆ ತೆರೆಯಿತು. ಓದು ಮುಗಿಸಿದವರಿಗಾಗಿಯೂ ಬೇರೆ ಶಾಖೆಗಳು ಹುಟ್ಟಿದವು. 1914ರಲ್ಲಿ ‘ದಿ ಸ್ಫಿಂಕ್ಸ್’ ಎಂಬ ಪತ್ರಿಕೆ ಆರಂಭವಾಗಿ, ಚದುರಿದ ಸೋದರರಿಗೆ ಪರಸ್ಪರರ ಸುದ್ದಿ ತಲುಪಿಸಿತು. ಮುಂದೆ ಇದೇ ಕೂಟ ತನ್ನ ಜನಾಂಗದ ಮಕ್ಕಳನ್ನು ಪ್ರೌಢಶಾಲೆಗೂ ಕಾಲೇಜಿಗೂ ಕಳುಹಿಸುವ ಚಳವಳಿಯನ್ನೇ ನಡೆಸಿತು.

1952ರಲ್ಲಿ ಬಾಸ್ಟನ್ನಿನಲ್ಲಿ ದೈವಶಾಸ್ತ್ರ ಅಭ್ಯಸಿಸುತ್ತಿದ್ದ ಒಬ್ಬ ಯುವಕ ಈ ಕೂಟವನ್ನು ಸೇರಿದರು. ಅವರೇ ಬೋಧಕ ಮಾರ್ಟಿನ್ ಲೂಥರ್ ಕಿಂಗ್. 1968ರಲ್ಲಿ ಅವರು ಗುಂಡಿಗೆ ಬಲಿಯಾದರು. ವಾಷಿಂಗ್ಟನ್ನಿನಲ್ಲಿ ಅವರಿಗೊಂದು ಸ್ಮಾರಕ ಬೇಕೆಂದು ಹಟ ಹಿಡಿದು, 1996ರಲ್ಲಿ ಸಂಸತ್ತಿನ ಅನುಮತಿ ದೊರೆಯುವಂತೆ ಶ್ರಮಿಸಿ, ನಿಧಿ ಸಂಗ್ರಹಕ್ಕೆ ಮುಂದಾಳಾದವರು ಇದೇ ಕೂಟದ ಸೋದರರು. 2011ರಲ್ಲಿ ಸ್ಮಾರಕ ಉದ್ಘಾಟನೆಯಾಯಿತು. ಮಣ್ಣಾಗಿ ದಶಕಗಳು ಕಳೆದರೂ ಒಬ್ಬ ಸದಸ್ಯನನ್ನು ಅವರು ತಮ್ಮ ಪಟ್ಟಿಯಿಂದ ಅಳಿಸಿರಲಿಲ್ಲ.

ಆ ಕೂಟದ ಧ್ಯೇಯವಾಕ್ಯದಲ್ಲಿ ಎಲ್ಲರ ಸೇವಕರಾಗುವ ಮಾತಿದೆಯೆಂದು ಹುಡುಗ ಹೇಳಿದಾಗ ನನಗೆ ಸಂತ ಮಾರ್ಕನ ಶುಭಸಂದೇಶ ನೆನಪಾಯಿತು. ಯಾರು ದೊಡ್ಡವರೆಂದು ದಾರಿಯುದ್ದಕ್ಕೂ ಜಗಳವಾಡಿದ ಶಿಷ್ಯರಿಗೆ ಯೇಸುಸ್ವಾಮಿ ಕಲಿಸಿದ ಪಾಠವೂ ಅದೇ ಅಲ್ಲವೇ?

ಓದುಗರೇ, ಈಗ ನನ್ನ ಮಾತಿಗೆ ಬರುತ್ತೇನೆ. ನಾನು ಬಡಗಿಯ ಮಗ. ಧರ್ಮಸಭೆಯ ಒಂದು ವಿದ್ಯಾರ್ಥಿನಿಲಯದಲ್ಲಿದ್ದು ಓದಿದವನು. ಅಂತಿಮ ಪರೀಕ್ಷೆಯ ಶುಲ್ಕ ಕಟ್ಟಲಾಗದೆ ಪೆಟ್ಟಿಗೆ ಕಟ್ಟಿ ಊರಿಗೆ ಹೊರಟಿದ್ದೆ. ಆಗ ವಾರ್ಡನ್ ಗುರುಗಳು ಕರೆದು, ಶುಲ್ಕ ಸಂದಾಯವಾಗಿದೆ ಎಂದರು. ಹಣ ಬಂದದ್ದು ಹಿಂದೆ ಅಲ್ಲಿ ಓದಿದ್ದ ಒಬ್ಬರಿಂದ, ಮನಿಯಾರ್ಡರಿನಲ್ಲಿ. ಅವರ ಮುಖವನ್ನು ನಾನು ಈವರೆಗೂ ಕಂಡಿಲ್ಲ.

ಮುಂದೆ ನೌಕರಿಯಾಯಿತು, ಮನೆ ಕಟ್ಟಿದೆ. ವರ್ಷವರ್ಷವೂ ಸೈಕ್ಲೋಸ್ಟೈಲ್ ಪತ್ರ ಬರುತ್ತಿತ್ತು. ಒಂದು ವರ್ಷ ಕೊನೆಯ ಪುಟದಲ್ಲಿ ಮೂವರು ವಿದ್ಯಾರ್ಥಿಗಳ ಅಗತ್ಯವನ್ನು ಬರೆದಿದ್ದರು. ಅವರಲ್ಲೊಬ್ಬ ತಂದೆಯಿಲ್ಲದ ಹುಡುಗ. ಮುಂದಿನ ತಿಂಗಳು ಕಳುಹಿಸಿದರಾಯಿತೆಂದು ಪತ್ರವನ್ನು ಮೇಜಿನ ಖಾನೆಯಲ್ಲಿಟ್ಟೆ. ಆ ಮುಂದಿನ ತಿಂಗಳು ಬರಲೇ ಇಲ್ಲ. ಮರುವರ್ಷದ ಪತ್ರದ ಸುದ್ದಿಯ ಸಾಲುಗಳ ನಡುವೆ ಅದೇ ಹುಡುಗನ ಹೆಸರಿತ್ತು: ಓದು ನಿಲ್ಲಿಸಿ ಊರಿಗೆ ಹೋದನಂತೆ. ಒಂದೇ ಸಾಲು. ಯಾರನ್ನೂ ದೂರಿರಲಿಲ್ಲ. ಅಯ್ಯೋ ಪಾಪ ಎಂದುಕೊಂಡು ಅದನ್ನೂ ಖಾನೆಗೆ ಸೇರಿಸಿದೆ.

ಇಥಾಕಾದ ಆ ಬೆಂಚಿನಲ್ಲಿ, ಮರಳಿ ಬಾರದ ಆರು ಮಂದಿಯ ಮಾತು ಕೇಳುತ್ತಿದ್ದಂತೆ ನನ್ನ ಕಣ್ಣ ಮುಂದೆ ನಿಂತವನು ಆ ಏಳನೆಯವನು. ನನ್ನನ್ನು ಒಬ್ಬರು ಬಾಗಿಲಲ್ಲೇ ತಡೆದು ಒಳಗೆ ಕರೆದಿದ್ದರು. ಅವನನ್ನು ನಾನು ತಡೆಯಲಿಲ್ಲ.

ಊರಿಗೆ ಮರಳಿದ ಮೇಲೆ ಆ ವಿದ್ಯಾರ್ಥಿನಿಲಯಕ್ಕೆ ಹೋದೆ. ಹುಡುಗನ ಗುರುತು ಸಿಗಲಿಲ್ಲ. ಅಂದಿನಿಂದ ಪ್ರತಿ ಜೂನ್‌ನಲ್ಲಿ ಒಬ್ಬ ವಿದ್ಯಾರ್ಥಿಯ ಶುಲ್ಕ ಕಟ್ಟುತ್ತಿದ್ದೇನೆ. ಅದರಿಂದ ಅವನ ಋಣ ತೀರಿತೆಂದು ಹೇಳಲಾರೆ.

ಸಂತ ಪೌಲನು ರೋಮಾಪುರಿಯವರಿಗೆ ಬರೆದ ಪತ್ರದ ಕಡೆಯ ಎರಡು ಅಧ್ಯಾಯಗಳನ್ನು ಒಮ್ಮೆ ಓದಿ ನೋಡಿ. ಅಲ್ಲಿಯೂ ಈ ಎರಡು ಸಂಗತಿಗಳಿವೆ: ಜೆರುಸಲೇಮಿನ ಬಡವರಿಗಾಗಿ ಎತ್ತಿದ ಕಾಣಿಕೆಯ ಮಾತು ಮತ್ತು ಹೆಸರು ಹಿಡಿದು ಹೇಳಿದ ವಂದನೆಗಳು. ಸುದ್ದಿಯನ್ನೂ ನೆರವನ್ನೂ ಅವನು ಬೇರೆ ಬೇರೆ ಪುಟಗಳಿಗೆ ಹಂಚಲಿಲ್ಲ. ಹೆಸರು ಬಲ್ಲವನಿಗೆ ಕಷ್ಟವೂ ತಿಳಿದಿರಬೇಕು.

ಬರುವ ಜೂನ್‌ನಲ್ಲಿ ಶಾಲಾ ಕಾಲೇಜುಗಳು ತೆರೆದಾಗ, ನಿಮ್ಮ ಧರ್ಮಕೇಂದ್ರದಲ್ಲಿ ಯಾವ ಮಗು ಮರಳಿ ಹೋಗಲಿಲ್ಲವೆಂದು ವಿಚಾರಿಸಿ. ಭಾನುವಾರದ ಬಲಿಪೂಜೆಯ ನಂತರ ಒಂದು ಗಳಿಗೆ ನಿಂತು ಕೇಳಿದರೂ ಸಾಕು. ಮತ್ತು ನಿಮ್ಮ ಮೇಜಿನ ಖಾನೆಯಲ್ಲಿ ಮಡಚಿಟ್ಟ ಪತ್ರವೊಂದಿದ್ದರೆ, ದಯವಿಟ್ಟು ಇಂದೇ ಅದನ್ನು ಕೊನೆಯ ಪುಟದಿಂದ ಓದಿರಿ.